ಹಣ ಕೊಟ್ಟು ಹತ್ತುವ ಬೆಟ್ಟ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ದೀರ್ಘವಾದ ಪತ್ರವೊಂದು ಬಂದಿತು. ಆತನಿಗೆ ಈಗ ನಲವತ್ತಾರು ವರ್ಷ. ಬೆಂಗಳೂರಿನಲ್ಲಿ ಒಳ್ಳೆಯ ಉದ್ಯೋಗ, ಇಬ್ಬರು ಮಕ್ಕಳು. ಲಡಾಖಿನ ನುನ್ ಎಂಬ ಶಿಖರವನ್ನೇರಲು ಮಾರ್ಗದರ್ಶಕರೊಡನೆ ಹೊರಡುವ ತಂಡವೊಂದಕ್ಕೆ ಸೇರಬೇಕೆಂದಿದ್ದಾನೆ. ಶುಲ್ಕವೇ ಕೆಲವು ಲಕ್ಷ ರೂಪಾಯಿಗಳು. "ತಮ್ಮ ಆಶೀರ್ವಾದ ಬೇಕು ಸರ್" ಎಂದು ಪತ್ರವನ್ನು ಮುಗಿಸಿದ್ದ. ಅದೇ ವಾರ ಆತನ ತಾಯಿ ದೂರವಾಣಿ ಮಾಡಿ, "ನೀವು ಬೇಡವೆಂದರೆ ಕೇಳುತ್ತಾನೆ ಮೇಷ್ಟ್ರೇ, ಒಂದು ಮಾತು ಹೇಳಿ" ಎಂದು ಕಣ್ಣೀರಿಟ್ಟರು. 2024ರ ಜೂನ್ ತಿಂಗಳಿನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ ನಮ್ಮ ರಾಜ್ಯದ ಒಂಬತ್ತು ಮಂದಿ ಹಿಮಗಾಳಿಗೆ ಸಿಕ್ಕಿ ಪ್ರಾಣ ಕಳೆದುಕೊಂಡ ಸುದ್ದಿ ಆ ತಾಯಿಯ ಮನಸ್ಸಿನಿಂದ ಇನ್ನೂ ಮಾಸಿಲ್ಲ.

ಇಬ್ಬರಿಗೂ ನಾನು ಉತ್ತರಿಸಿದ್ದೇನೆ. ಆದರೆ ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈಗ ಇಂತಹ ಸಾಹಸಗಳಿಗೆ ಹೊರಡುವ ವಯಸ್ಸಿನಲ್ಲಿಯೂ ಅನುಕೂಲದಲ್ಲಿಯೂ ಇರುವುದರಿಂದ, ಅದೇ ಮಾತುಗಳನ್ನು ಅವರಿಬ್ಬರ ಒಪ್ಪಿಗೆ ಪಡೆದು ಇಲ್ಲಿಯೂ ಬರೆಯುತ್ತಿದ್ದೇನೆ.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ನಮಗೆಲ್ಲ ತಿಳಿದದ್ದೇ. ನುನ್ ಎಷ್ಟು ದೂರದ್ದು, ಎಷ್ಟು ಎತ್ತರದ್ದು ಎಂಬುದನ್ನು ಮೊದಲು ನೋಡೋಣ. ಕಾರ್ಗಿಲ್‌ನಿಂದ ಸುರು ನದಿಯ ಕಣಿವೆಯನ್ನು ಹಿಡಿದು ಹೋದರೆ ನುನ್ ಮತ್ತು ಕುನ್ ಎಂಬ ಅವಳಿ ಶಿಖರಗಳು ಕಾಣುತ್ತವೆ. ನುನ್‌ನ ಎತ್ತರ 7,135 ಮೀಟರ್, ಕುನ್‌ನದು 7,077 ಮೀಟರ್. ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ 1,930 ಮೀಟರ್. ಅಂತಹ ಮೂರು ಗಿರಿಗಳನ್ನು ಒಂದರ ಮೇಲೊಂದಿರಿಸಿದರೂ ನುನ್‌ನ ತುದಿ ಇನ್ನೂ ಸಾವಿರದ ಮುನ್ನೂರು ಮೀಟರುಗಳಿಗಿಂತ ಮೇಲೆಯೇ ಉಳಿಯುತ್ತದೆ. 1953ರಲ್ಲಿ ಅದನ್ನು ಮೊಟ್ಟಮೊದಲು ಏರಿದವರು ಫ್ರಾನ್ಸಿನ ಕ್ಲೋಡ್ ಕೋಗನ್ ಎಂಬ ಮಹಿಳೆ ಹಾಗೂ ಸ್ವಿಟ್ಜರ್ಲೆಂಡಿನ ಪಿಯೆರ್ ವಿಟ್ಟೋಜ್ ಎಂಬ ಪಾದ್ರಿ. ಆರು ವರ್ಷಗಳ ನಂತರ, 1959ರಲ್ಲಿ, ಕೋಗನ್ ಅವರು ಮಹಿಳೆಯರ ತಂಡವೊಂದರ ನಾಯಕಿಯಾಗಿ ಚೋ ಓಯು ಪರ್ವತಕ್ಕೆ ಹೋಗಿ ಹಿಮಪಾತದಲ್ಲಿ ಮಡಿದರು. ಬೆಲ್ಜಿಯಂನ ಒಬ್ಬ ಮಹಿಳೆ ಮತ್ತು ಇಬ್ಬರು ಶೆರ್ಪಾಗಳೂ ಅದೇ ದುರಂತದಲ್ಲಿ ತೀರಿಕೊಂಡರು. ಪಳಗಿದವರನ್ನೂ ಪರ್ವತ ಬಿಡುವುದಿಲ್ಲವೆಂಬುದನ್ನು ಮರೆಯಬಾರದೆಂದು ಇದನ್ನು ಹೇಳಿದೆ.

ಹಾಗೆಂದು ಬೆಟ್ಟ ಹತ್ತುವುದೇ ವ್ಯರ್ಥ ಸಾಹಸವೆಂದು ನಾನು ಹೇಳುವವನಲ್ಲ. ಮಧ್ಯವಯಸ್ಸಿನಲ್ಲಿ ಮನುಷ್ಯನಿಗೆ ತನ್ನ ಶಕ್ತಿಯನ್ನು ಒಮ್ಮೆ ಒರೆಗೆ ಹಚ್ಚಿ ನೋಡಬೇಕೆನಿಸುವುದು ಸಹಜ. ಹಣ ಕೊಟ್ಟು ಮಾರ್ಗದರ್ಶಕನನ್ನು ಪಡೆಯುವುದರಲ್ಲಿಯೂ ನನಗೆ ಅವಮಾನವೇನೂ ಕಾಣುವುದಿಲ್ಲ. ತಿಳಿಯದವನು ತಿಳಿದವನಿಗೆ ದಕ್ಷಿಣೆ ಕೊಟ್ಟು ಕಲಿಯುವುದು ನಮ್ಮ ದೇಶದ ಹಳೆಯ ಪದ್ಧತಿ. ನಾನೂ ಸಂಬಳ ಪಡೆದೇ ಪಾಠ ಹೇಳಿದವನು. ನನ್ನ ಆತಂಕ ಬೇರೊಂದು. ಆ ಹಣವು ಗುರು-ಶಿಷ್ಯರ ಸಂಬಂಧವನ್ನು ತಲೆಕೆಳಗು ಮಾಡಬಲ್ಲದು ಎಂಬುದೇ ಅದು.

ಇದನ್ನು ವಿವರಿಸಲು ಎಂಟನೆಯ ತರಗತಿಯ ವಾಯುಮಂಡಲದ ಒತ್ತಡದ ಪಾಠವನ್ನು ನೆನಪಿಸಬೇಕಾಗುತ್ತದೆ. ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಕಡಿಮೆಯಾಗುತ್ತದೆಂದು ಪರೀಕ್ಷೆಯಲ್ಲಿ ಬರೆದವರಿಗೆಲ್ಲ ನಾನು ಅರ್ಧ ಅಂಕ ಕಳೆಯುತ್ತಿದ್ದುದು ನಿಮಗೆ ನೆನಪಿರಬಹುದು. ಪ್ರಮಾಣವು ಎಲ್ಲೆಡೆಯೂ ಶೇಕಡಾ 21ರಷ್ಟೇ ಇರುತ್ತದೆ. ಕಡಿಮೆಯಾಗುವುದು ಗಾಳಿಯ ಒತ್ತಡ. ಸುಮಾರು 5,500 ಮೀಟರ್ ಎತ್ತರದಲ್ಲಿ ಅದು ಸಮುದ್ರಮಟ್ಟದ ಅರ್ಧಕ್ಕೆ ಇಳಿಯುತ್ತದೆ. ನುನ್‌ನ ತುದಿಯಲ್ಲಿ ಶೇಕಡಾ 40ರ ಆಸುಪಾಸಿಗೆ ಬರುತ್ತದೆ. ಅಂದರೆ ಅಲ್ಲಿ ಒಂದು ಉಸಿರಿಗೆ ದೊರೆಯುವ ಆಮ್ಲಜನಕ ಇಲ್ಲಿನ ಅರ್ಧಕ್ಕಿಂತಲೂ ಕಡಿಮೆ. ಇದಕ್ಕೆ ಹೊಂದಿಕೊಳ್ಳುವ ಶಕ್ತಿಯನ್ನು ಪ್ರಕೃತಿ ನಮ್ಮ ದೇಹಕ್ಕೆ ಕೊಟ್ಟಿದೆಯಾದರೂ ಅದಕ್ಕೆ ಕಾಲಾವಕಾಶ ಬೇಕು. ಉಸಿರಾಟದ ವೇಗ ಕೆಲವೇ ಗಂಟೆಗಳಲ್ಲಿ ಹೆಚ್ಚುತ್ತದೆ. ಕೆಂಪು ರಕ್ತಕಣಗಳು ಹೆಚ್ಚಲು ವಾರಗಳೇ ಬೇಕಾಗುತ್ತವೆ. ಆದುದರಿಂದಲೇ 3,000 ಮೀಟರ್ ದಾಟಿದ ಮೇಲೆ ಮಲಗುವ ಸ್ಥಳದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ವಿಶ್ರಮಿಸಬೇಕು ಎಂದು ವೈದ್ಯರು ಹೇಳುತ್ತಾರೆ. ಡೇರೆ, ಹಗ್ಗ, ಊಟ, ಹೊರೆ ಹೊರುವವರ ಬೆನ್ನು, ಇವೆಲ್ಲವೂ ಶುಲ್ಕಕ್ಕೆ ದೊರೆಯುತ್ತವೆ. ಈ ಕಾಲಾವಕಾಶವನ್ನು ಮಾತ್ರ ಯಾರೂ ಮಾರಲಾರರು.

ಅವಸರ ಮಾಡಿದವರಿಗೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮಿದುಳು ಊದಿಕೊಳ್ಳಬಹುದು. ಔಷಧಗಳೂ ಆಮ್ಲಜನಕದ ಸಿಲಿಂಡರುಗಳೂ ಇವೆಯಾದರೂ ಮುಖ್ಯವಾದ ಚಿಕಿತ್ಸೆ ಒಂದೇ: ಕೂಡಲೇ ಕೆಳಗಿಳಿಯುವುದು. ಮಿದುಳಿಗೆ ತೊಂದರೆಯಾದವನು ಸರಳ ರೇಖೆಯಲ್ಲಿ ನಡೆಯಲಾರ. ಅದಕ್ಕಿಂತ ಮಿಗಿಲಾಗಿ, ತನಗೆ ತೊಂದರೆಯಾಗಿದೆ ಎಂಬುದನ್ನೇ ಅರಿಯಲಾರ. "ನನಗೇನೂ ಆಗಿಲ್ಲ, ಇನ್ನು ಸ್ವಲ್ಪವೇ ಉಳಿದಿದೆ" ಎನ್ನುತ್ತಿರುತ್ತಾನೆ. ಆ ಹೊತ್ತಿನಲ್ಲಿ ನಿರ್ಧಾರ ತೆಗೆದುಕೊಳ್ಳಬೇಕಾದವನು ಏರುವವನಲ್ಲ, ಮಾರ್ಗದರ್ಶಕ. ವಿದ್ಯಾರ್ಥಿಯು ತನ್ನ ಉತ್ತರಪತ್ರಿಕೆಗೆ ತಾನೇ ಅಂಕ ಕೊಟ್ಟುಕೊಳ್ಳಲಾಗದು.

ಆದರೆ ಮಾರ್ಗದರ್ಶಕನು ಲಕ್ಷಗಟ್ಟಲೆ ಶುಲ್ಕ ಪಡೆದಿದ್ದಾನೆ. ತನ್ನ ತಂಡದಿಂದ ಇಷ್ಟು ಮಂದಿ ಶಿಖರ ತಲುಪಿದರೆಂದು ಮುಂದಿನ ವರ್ಷ ಹೇಳಿಕೊಂಡರೆ ತಾನೇ ಮತ್ತಷ್ಟು ಜನ ಬರುವುದು? ಶುಲ್ಕ ಕೊಟ್ಟವರನ್ನೆಲ್ಲ ಉತ್ತೀರ್ಣಗೊಳಿಸಲೇಬೇಕಾದ ಶಾಲೆಯಲ್ಲಿ ಮೇಷ್ಟರ ಕೆಂಪು ಶಾಯಿಗೆ ಬೆಲೆಯುಂಟೇ? ಹಿಂದಿರುಗು ಎಂದು ಹೇಳಲು ಆತನಿಗೆ ಧೈರ್ಯವಿರಬೇಕು. ಹಾಗೆ ಹೇಳಿದಾಗ ಕೇಳುವ ವಿನಯ ಶಿಷ್ಯನಿಗಿರಬೇಕು.

1996ರ ಮೇ ತಿಂಗಳಿನಲ್ಲಿ ಎವರೆಸ್ಟ್ ಶಿಖರದಲ್ಲಿ ನಡೆದದ್ದು ಇದಕ್ಕೆ ನಿದರ್ಶನ. ನ್ಯೂಜಿಲೆಂಡಿನ ರಾಬ್ ಹಾಲ್ ಎಂಬ ಅನುಭವಿ ಮಾರ್ಗದರ್ಶಕರು ಹಿಂದಿನ ವರ್ಷವಷ್ಟೇ ಡಗ್ ಹ್ಯಾನ್ಸನ್ ಎಂಬ ಅಂಚೆ ನೌಕರರನ್ನು ಶಿಖರಕ್ಕೆ ಸಮೀಪದಿಂದ ಹಿಂದಕ್ಕೆ ಕರೆತಂದಿದ್ದರು. ಹ್ಯಾನ್ಸನ್ ಮರುವರ್ಷ ಪುನಃ ಅವರೊಡನೆ ಹೊರಟರು. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಎಲ್ಲಿದ್ದರೂ ಹಿಂದಿರುಗಬೇಕೆಂಬುದು ಒಪ್ಪಿತವಾದ ಗಡುವು. ಹ್ಯಾನ್ಸನ್ ತುದಿ ಮುಟ್ಟಿದಾಗ ನಾಲ್ಕು ಗಂಟೆಯ ಸುಮಾರು. ಒಮ್ಮೆ ನಿರಾಶೆಗೊಳಿಸಿದವನನ್ನು ಮತ್ತೊಮ್ಮೆ ನಿರಾಶೆಗೊಳಿಸಲು ಆ ಗುರುವಿಗೆ ಮನಸ್ಸು ಬಾರದಾಯಿತೇನೋ ಎಂದು ನಾನು ಊಹಿಸುತ್ತೇನೆ. ಇಬ್ಬರೂ ಮರಳಿ ಬರಲಿಲ್ಲ. ಅಂದಿನ ಬಿರುಗಾಳಿಗೆ ಒಟ್ಟು ಎಂಟು ಮಂದಿ ಬಲಿಯಾದರು. ಅವರಲ್ಲಿ ಮೂವರು ಉತ್ತರದ ಬದಿಯಿಂದ ಏರುತ್ತಿದ್ದ ನಮ್ಮ ಇಂಡೋ-ಟಿಬೆಟನ್ ಗಡಿ ಪೊಲೀಸ್ ಪಡೆಯವರು. ಅವರು ಯಾರಿಗೂ ಶುಲ್ಕ ಕೊಟ್ಟು ಬಂದವರಲ್ಲ. ಆದುದರಿಂದ ಎಲ್ಲ ದುರಂತಗಳಿಗೂ ಹಣವೇ ಕಾರಣವೆಂದು ನಾನು ವಾದಿಸಲಾರೆ. ಗಡುವನ್ನು ಮೀರಿಸುವ ಅನೇಕ ಕಾರಣಗಳಲ್ಲಿ ಹಣವೂ ದಾಕ್ಷಿಣ್ಯವೂ ಸೇರಿವೆಯೆಂದಷ್ಟೇ ನನ್ನ ಮಾತು.

ದೂರದ ಎವರೆಸ್ಟಿನ ತಪ್ಪನ್ನು ಎತ್ತಿ ಹೇಳಿದ ಮೇಲೆ ನನ್ನ ತಪ್ಪನ್ನೂ ಹೇಳಿಕೊಳ್ಳಬೇಕು. 1994ರ ಡಿಸೆಂಬರಿನಲ್ಲಿ ಹತ್ತನೆಯ ತರಗತಿಯ ಹುಡುಗರನ್ನು ಕೊಡಚಾದ್ರಿಗೆ ಕರೆದುಕೊಂಡು ಹೋಗಿದ್ದೆ. ನಾಲ್ಕು ಗಂಟೆಗೆ ಇಳಿಯಲಾರಂಭಿಸಬೇಕೆಂದು ಬೆಳಿಗ್ಗೆಯೇ ನಿಶ್ಚಯಿಸಿದ್ದೆವು. ಆದರೆ ನಮ್ಮ ಬಸ್ಸು ತಡವಾಗಿತ್ತು. ಸರ್ವಜ್ಞಪೀಠದ ಬಳಿ ತಲುಪಿದಾಗಲೇ ನಾಲ್ಕೂವರೆ. ಸೂರ್ಯಾಸ್ತ ನೋಡದೆ ಹೋಗುವುದೇ ಎಂದು ಹುಡುಗರೆಲ್ಲ ಗೋಗರೆದರು. ಪ್ರತಿಯೊಬ್ಬರ ಮನೆಯಿಂದಲೂ ಐವತ್ತು ರೂಪಾಯಿ ಪಡೆದಿದ್ದೆ. ಆ ದಿನಗಳಲ್ಲಿ ಎಷ್ಟೋ ಮನೆಗಳಿಗೆ ಅದು ಸಣ್ಣ ಮೊತ್ತವಲ್ಲ. ಕೊಟ್ಟ ಹಣಕ್ಕೆ ಮಕ್ಕಳಿಗೆ ಸೂರ್ಯಾಸ್ತವನ್ನಾದರೂ ತೋರಿಸೋಣವೆಂದು ಒಪ್ಪಿಬಿಟ್ಟೆ. ಇಳಿಯುವಾಗ ಕಾಡಿನಲ್ಲಿ ಕತ್ತಲು ಕವಿಯಿತು. ಮೂವತ್ತು ಹುಡುಗರಿಗೆ ಎರಡು ಟಾರ್ಚುಗಳು. ಒಬ್ಬನು ಜಾರಿ ಬಿದ್ದು ಮುಂಗೈ ಮುರಿದುಕೊಂಡ. ಅವನ ತಂದೆ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನ್ನ ಮನಸ್ಸು ಹಗುರವಾಗುತ್ತಿತ್ತು. ಆ ಮಾರ್ಚಿನ ಪರೀಕ್ಷೆಗೆ ಕೈ ಸರಿಹೋಗಿತ್ತೆಂಬುದು ನನ್ನ ಪುಣ್ಯ, ಜಾಣ್ಮೆಯಲ್ಲ. ಈಗ ನುನ್‌ಗೆ ಹೊರಟಿರುವವನೂ ಅಂದು ಆ ಮೂವತ್ತು ಮಂದಿಯಲ್ಲಿದ್ದ. ಸೂರ್ಯಾಸ್ತ ಬಹಳ ಚೆನ್ನಾಗಿತ್ತೆಂದು ಪತ್ರದಲ್ಲಿ ನೆನಪಿಸಿದ್ದಾನೆ. ಆ ಕತ್ತಲನ್ನು ಮರೆತಿದ್ದಾನೆ.

ಇನ್ನೊಂದು ವಿಷಯವನ್ನು ಹೇಳದಿದ್ದರೆ ಈ ಬರಹ ಅಪೂರ್ಣವಾದೀತು. ನಮ್ಮ ಆಸೆಯ ಹೊರೆಯನ್ನು ಬೇರೆಯವರು ಹೊರುತ್ತಾರೆ. 2014ರ ಏಪ್ರಿಲ್ 18ರಂದು ಎವರೆಸ್ಟಿನ ಖುಂಬು ಹಿಮಪ್ರಪಾತದಲ್ಲಿ ಮೇಲಿನಿಂದ ಹಿಮದ ರಾಶಿ ಕುಸಿದು 16 ಮಂದಿ ನೇಪಾಳಿ ಕೆಲಸಗಾರರು ಸತ್ತರು. ಇತರರು ಶಿಖರವನ್ನೇರಲೆಂದು ಸಾಮಾನು ಹೊತ್ತು, ದಾರಿ ಮಾಡಿಕೊಡುತ್ತಿದ್ದವರು ಅವರು. ಸರ್ಕಾರವು ಅವರ ಕುಟುಂಬಗಳಿಗೆ ಮೊದಲು ಘೋಷಿಸಿದ ತುರ್ತು ನೆರವು 40,000 ನೇಪಾಳಿ ರೂಪಾಯಿಗಳು. ಅದರಿಂದ ಶೆರ್ಪಾಗಳು ಕುಪಿತರಾಗಿ ಆ ವಸಂತದಲ್ಲಿ ದಕ್ಷಿಣದ ಬದಿಯ ಆರೋಹಣಗಳೇ ಬಹುಮಟ್ಟಿಗೆ ನಿಂತುಹೋದವು. ಮಗನು ಅಪಾಯಕ್ಕೆ ಹೋಗುತ್ತಾನೆಂದು ಇಲ್ಲಿ ಒಬ್ಬ ತಾಯಿ ಅಳುವಾಗ, ಆ ಮಗನ ಡೇರೆಯನ್ನು ಹೊತ್ತು ಅವನಿಗಿಂತ ಮುಂದೆ ಅದೇ ಅಪಾಯಕ್ಕೆ ಹೋಗುವವನಿಗೂ ತಾಯಿಯಿದ್ದಾಳೆಂಬುದನ್ನು ನಾವು ನೆನೆಯಬೇಕು. ಅವನದು ಹವ್ಯಾಸವಲ್ಲ, ಹೊಟ್ಟೆಪಾಡು.

ಆದುದರಿಂದ ನನ್ನ ವಿದ್ಯಾರ್ಥಿಗೆ ನಾನು ಬರೆದದ್ದಿಷ್ಟು. ಹಣ ಕಟ್ಟುವ ಮುನ್ನ ಆ ಸಂಸ್ಥೆಯವರನ್ನು ಎಷ್ಟು ಮಂದಿಯನ್ನು ಶಿಖರಕ್ಕೆ ಮುಟ್ಟಿಸಿದಿರಿ ಎಂದು ಕೇಳಬೇಡ. ಎಷ್ಟು ಮಂದಿಯನ್ನು, ಯಾವ ಕಾರಣಕ್ಕೆ ಹಿಂದಿರುಗಿಸಿದಿರಿ ಎಂದು ಕೇಳು. ಒಬ್ಬರನ್ನೂ ಹಿಂದಿರುಗಿಸಿಲ್ಲವೆಂದರೆ ಅವರೊಡನೆ ಹೋಗಬೇಡ. ಹವೆ ಕೆಟ್ಟರೆ ಕಾಯಲು ಎಷ್ಟು ದಿನಗಳನ್ನು ಮೀಸಲಿಟ್ಟಿದ್ದಾರೆಂದು ಕೇಳು. ಹೊರೆ ಹೊರುವವರಿಗೆ ವಿಮೆ ಎಷ್ಟಿದೆ, ಬೂಟು ಮತ್ತು ಬೆಚ್ಚನೆಯ ಉಡುಪು ಯಾರು ಕೊಡುತ್ತಾರೆ, ಅವರಿಗೆ ಕಾಯಿಲೆಯಾದರೆ ಕೆಳಗಿಳಿಸುವವರು ಯಾರು ಎಂದು ಕೇಳು. ಡಾರ್ಜಿಲಿಂಗಿನಲ್ಲಿ 1954ರಿಂದ, ಉತ್ತರಕಾಶಿಯಲ್ಲಿ 1965ರಿಂದ ಪರ್ವತಾರೋಹಣವನ್ನು ಕಲಿಸುವ ಸಂಸ್ಥೆಗಳಿವೆ. ಅಲ್ಲಿನ ಪ್ರಾಥಮಿಕ ತರಬೇತಿಗೆ ಸುಮಾರು ನಾಲ್ಕು ವಾರ ಬೇಕು. ವಯೋಮಿತಿಯ ಕಾರಣದಿಂದ ಅಲ್ಲಿ ಪ್ರವೇಶ ದೊರೆಯದಿದ್ದರೆ ಬೇರೆಡೆಯಾದರೂ ಕಲಿತು, ಒಂದು 6,000 ಮೀಟರಿನ ಶಿಖರಕ್ಕೆ ಹೋಗಿ ಬಂದು, ನಂತರ ನುನ್‌ನ ವಿಚಾರ ಮಾಡು. ಆ ಬೆಟ್ಟ ಎಲ್ಲಿಗೂ ಹೋಗುವುದಿಲ್ಲ. ಮತ್ತು ಕೊಟ್ಟ ಶುಲ್ಕವನ್ನು ಕೊಟ್ಟ ದಿನವೇ ಮರೆತುಬಿಡು. ಮೇಲೆ ನಿಂತಾಗ ಆ ಲಕ್ಷಗಳು ನೆನಪಾದರೆ ಕಾಲು ಹಿಂದಕ್ಕೆ ಬರುವುದಿಲ್ಲ.

ಹೀಗೆ ಎಲ್ಲವನ್ನೂ ಕೇಳುತ್ತಾ ಕುಳಿತರೆ ಸಾಹಸವೆಂಬುದೇ ಉಳಿಯುವುದಿಲ್ಲ ಸರ್ ಎಂದು ನಿಮ್ಮಲ್ಲಿ ಕೆಲವರು ಹೇಳಬಹುದು. ಇಷ್ಟೆಲ್ಲ ಕೇಳಿದ ಮೇಲೆಯೂ ಅಲ್ಲಿ ಗಾಳಿ, ಹಿಮ, ಬಿರುಕುಗಳು ಇದ್ದೇ ಇರುತ್ತವೆ. ಸಾಹಸಕ್ಕೆ ಅಷ್ಟು ಸಾಕು.

ಆತನ ತಾಯಿಗೆ ಮಾತ್ರ ನಾನು ಬೇಡವೆನ್ನಲಾರೆನೆಂದು ಹೇಳಿದೆ. ನಲವತ್ತಾರು ವರ್ಷದ ಮಗನನ್ನು ಮೇಷ್ಟರ ಮಾತಿನಿಂದ ಕಟ್ಟಿಹಾಕುವುದು ಸರಿಯಲ್ಲ; ನನ್ನ ಮಾತಿಗೆ ನಿಂತರೂ ಮನಸ್ಸು ಅಲ್ಲಿಯೇ ಇರುತ್ತದೆ. ಅವರಿಗೆ ಅದು ಸಮಾಧಾನ ತಂದಂತೆ ಕಾಣಲಿಲ್ಲ. "ಆಗಲಿ ಮೇಷ್ಟ್ರೇ" ಎಂದಷ್ಟೇ ಹೇಳಿ ದೂರವಾಣಿಯನ್ನು ಇಟ್ಟರು. ಅವರ ಆ ಮಾತು ಈಗಲೂ ನನ್ನನ್ನು ಬಾಧಿಸುತ್ತಿದೆ.

ಮೊನ್ನೆ ಆತನಿಂದ ಉತ್ತರ ಬಂದಿದೆ. ಈ ವರ್ಷ ನುನ್‌ಗೆ ಹಣ ಕಟ್ಟುತ್ತಿಲ್ಲ, ಮೊದಲು ತರಬೇತಿಗೆ ವಿಚಾರಿಸುತ್ತಿದ್ದೇನೆ ಎಂದು ಬರೆದಿದ್ದಾನೆ. ಜೊತೆಗೆ, ಆ ಸಂಸ್ಥೆಯವರಿಗೆ ಹೊರೆಯಾಳುಗಳ ವಿಮೆಯ ಬಗ್ಗೆ ಕೇಳಿದಾಗ ಇದುವರೆಗೆ ಯಾರೂ ಇದನ್ನು ಕೇಳಿರಲಿಲ್ಲವೆಂದರಂತೆ. ಮುಂದೊಂದು ದಿನ ಆತ ಹೊರಟೇ ಹೊರಡುತ್ತಾನೆ, ನಾನು ಬಲ್ಲೆ. ಕಾರ್ಗಿಲ್‌ಗೆ ಮರಳಿದೊಡನೆ ಮೊದಲು ತಾಯಿಗೆ, ಅನಂತರ ನನಗೆ ದೂರವಾಣಿ ಮಾಡಬೇಕೆಂದು ಈಗಲೇ ಮಾತು ತೆಗೆದುಕೊಂಡಿದ್ದೇನೆ. ತುದಿ ಮುಟ್ಟಿದೆಯಾ ಎಂದು ನಾನು ಕೇಳುವುದಿಲ್ಲ.

ಎಲ್ಲರಿಗೂ ಶುಭವಾಗಲಿ.