ಹೆಸರಿಗೂ ಉತಾರ ಬೇಕು

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದ ಒಣದ್ರಾಕ್ಷಿ ತಾಸಗಾಂವ್, ಸಾಂಗ್ಲಿ ಪೇಟೆಗೆ ಹೋಗಿ ಬೇರೆಯವರ ಹೆಸರಿನಲ್ಲಿ ಮಾರಾಟವಾಗುವುದು ಹಳೆಯ ಕಥೆ. ಅದನ್ನು ತಾವೇ ಪಾಕೀಟು ಮಾಡಿ, ತಮ್ಮ ಹೆಸರಿನಲ್ಲೇ ಮಾರಬೇಕೆಂಬ ಯುವಕರ ಹಂಬಲ ಮೆಚ್ಚತಕ್ಕದ್ದು. ಆದರೆ ಬಂಡವಾಳ, ಯಂತ್ರ, ಸಾಲ ಎಲ್ಲವನ್ನೂ ಅಳೆದು ತೂಗುವವರು ಹೆಸರನ್ನು ಮಾತ್ರ ಪ್ರಿಂಟಿಂಗ್ ಪ್ರೆಸ್‌ನಲ್ಲಿ ಕುಳಿತು ನಿಶ್ಚಯಿಸುತ್ತಾರೆ: ಸಿದ್ಧೇಶ್ವರ, ಬಸವೇಶ್ವರ, ಇಲ್ಲವೇ ಗೋಳಗುಮ್ಮಟ.

ಈ ಹೆಸರುಗಳ ಹಿಂದಿನ ಭಕ್ತಿ, ಅಭಿಮಾನ ದೊಡ್ಡದು. ಆದರೆ ಎಲ್ಲರಿಗೂ ಸೇರಿದ ಹೆಸರು ಒಬ್ಬರಿಗೆ ಕಾವಲಾಗದು. ಊರಿನ ಹೆಸರನ್ನು ಮಾತ್ರ ಸೂಚಿಸುವ ಗುರುತಿಗೆ, ಬಹುಕಾಲದ ಬಳಕೆಯಿಂದ ಅದು ಒಬ್ಬರದೇ ಎಂದು ಜನ ಗುರುತಿಸುವಂತಾಗದ ಹೊರತು, 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಂ ನೋಂದಣಿ ಕೊಡುವುದಿಲ್ಲ.

ಪುರಾಣದ ಹೆಸರಿನ ಪಾಡೇನು ಎಂಬುದಕ್ಕೆ ನಮ್ಮ ರಾಜ್ಯದ್ದೇ ಪ್ರಕರಣವಿದೆ. ಕರ್ನಾಟಕ ಹಾಲು ಮಹಾಮಂಡಳಿ 1985ರಿಂದ ‘ನಂದಿನಿ’ ಹೆಸರು ಬಳಸುತ್ತಿತ್ತು. ಬೆಂಗಳೂರಿನ ‘ನಂಧಿನಿ ಡೀಲಕ್ಸ್’ ಹೋಟೆಲ್ 1989ರಲ್ಲಿ ಆರಂಭವಾಯಿತು. ಮಹಾಮಂಡಳಿಯ ತಕರಾರಿನ ನಡುವೆಯೂ ಹೋಟೆಲಿನ ಅರ್ಜಿಯನ್ನು ನೋಂದಣಿ ಕಚೇರಿ 2007ರಲ್ಲಿ ಒಪ್ಪಿದರೂ ಮೇಲ್ಮನವಿ ಮಂಡಳಿ ತಳ್ಳಿಹಾಕಿತು. ಹೈಕೋರ್ಟ್ 2014ರಲ್ಲಿ ಅದನ್ನೇ ಎತ್ತಿಹಿಡಿಯಿತು. 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನ ಪರ ತೀರ್ಪಿತ್ತಿತು. ನಂದಿನಿ ಎಂಬುದು ಯಾರೋ ಹೊಸದಾಗಿ ಕಟ್ಟಿದ ಪದವಲ್ಲ, ದೇವತೆಯ ಹಾಗೂ ಪುರಾಣದ ಹಸುವಿನ ಹೆಸರು. ಇಬ್ಬರ ಸರಕೂ ಬೇರೆ ಎಂದ ನ್ಯಾಯಾಲಯ, ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಮಾತ್ರ ಹೋಟೆಲಿನ ನೋಂದಣಿಯಿಂದ ಹೊರಗಿಟ್ಟಿತು. ಅಷ್ಟು ದೊಡ್ಡ ಮಹಾಮಂಡಳಿಗೇ ಆ ಹೆಸರಿನ ಮೇಲೆ ಪೂರ್ಣ ಹಿಡಿತ ಸಿಗಲಿಲ್ಲ. ಗೆದ್ದ ಹೋಟೆಲ್ ಕೂಡ 2007ರ ಆದೇಶ ಉಳಿಸಿಕೊಳ್ಳಲು 11 ವರ್ಷ ಬಡಿದಾಡಬೇಕಾಯಿತು. ತಿಕೋಟಾದ ಸಣ್ಣ ಘಟಕಕ್ಕೆ ಆ ತಾಕತ್ತು ಎಲ್ಲಿಂದ ಬರಬೇಕು?

ನಮ್ಮಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯಿದೆ. ಪಾಲಿಕೆಯ ಲೈಸೆನ್ಸ್, ಜಿಎಸ್‌ಟಿ, ಉದ್ಯಮ್ ಪ್ರಮಾಣಪತ್ರ, ಆಹಾರ ಸುರಕ್ಷತಾ ಪರವಾನಗಿ ಇದ್ದರೆ ಹೆಸರೂ ತಮ್ಮದೇ ಎಂದು ಹಲವರು ನಂಬಿದ್ದಾರೆ. ಇವು ವ್ಯಾಪಾರಕ್ಕೆ ಅನುಮತಿ, ಹೆಸರಿನ ಒಡೆತನವಲ್ಲ. ಹೊಲಕ್ಕೆ ಉತಾರ (ಪಹಣಿ) ಇದ್ದಂತೆ ಹೆಸರಿಗೆ ಟ್ರೇಡ್‌ಮಾರ್ಕ್ ನೋಂದಣಿ.

ಮೊದಲ ಕೆಲಸ ಹುಡುಕಾಟ. ನೋಂದಣಿ ಕಚೇರಿಯ ಜಾಲತಾಣದಲ್ಲಿ ಅದು ಉಚಿತ. ಅಕ್ಷರ ಬದಲಾದರೂ ಉಚ್ಚಾರ ಒಂದೇ ಆದರೆ ತಕರಾರು ಬರಬಹುದು, ಆದ್ದರಿಂದ ಉಚ್ಚಾರದ ಮೇಲೂ ಹುಡುಕಬೇಕು. ಸರಕು, ಸೇವೆಗಳಿಗೆ 45 ವರ್ಗಗಳಿವೆ: ಒಣದ್ರಾಕ್ಷಿ 29ರಲ್ಲಿ, ಹಸಿ ದ್ರಾಕ್ಷಿ 31ರಲ್ಲಿ, ಖಾನಾವಳಿ 43ರಲ್ಲಿ. ಸಣ್ಣ ಉದ್ಯಮಕ್ಕೆ ಆನ್‌ಲೈನ್ ಅರ್ಜಿ ಶುಲ್ಕ ವರ್ಗಕ್ಕೆ ₹4,500, ನೋಂದಣಿಯ ಅವಧಿ 10 ವರ್ಷ. ಮೊದಲು ಬಳಸಿದವರ ಹಕ್ಕನ್ನೂ ಕಾಯ್ದೆ ಕಾಯುತ್ತದೆ. ಹಳೆಯ ಬಿಲ್ಲು, ಪಾಕೀಟುಗಳನ್ನು ಎಸೆಯಬಾರದು.

ಓಣಿಯ ಖಾನಾವಳಿಗೆ ಇದೆಲ್ಲ ಹೊರೆ ಎನ್ನುವ ಮಾತಿನಲ್ಲಿ ಸತ್ಯವಿದೆ. ಗಿರಾಕಿಗೆ ಮಾಲೀಕರ ಮುಖವೇ ಗುರುತು. ಆದರೆ ಪುಣೆ, ಬೆಂಗಳೂರು ತಲುಪುವ ಪಾಕೀಟಿಗೆ ಹೆಸರೊಂದೇ ಗುರುತು.

ಊರಿನ ಕೀರ್ತಿಗೆ ಬೇರೆ ದಾರಿಯಿದೆ. ಇಂಡಿ ನಿಂಬೆಗೆ ಸಿಕ್ಕಿರುವ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಆ ಸೀಮೆಯ ಬೆಳೆಗಾರರೆಲ್ಲರ ಸೊತ್ತು. ಊರಿನ ಹೆಸರನ್ನು ಹೀಗೆ ಒಟ್ಟಾಗಿ ಕಾಯಬೇಕು. ಸ್ವಂತ ಪಾಕೀಟಿಗೆ ಸ್ವಂತ ಹೆಸರನ್ನೇ ಕಟ್ಟಬೇಕು. ಜಿಲ್ಲಾ ಕೈಗಾರಿಕಾ ಕೇಂದ್ರವು ಸಾಲದ ಅರ್ಜಿ ಪಡೆಯುವಾಗಲೇ ಹೆಸರಿನ ಹುಡುಕಾಟಕ್ಕೂ ನೆರವಾಗಲಿ. ಬ್ರ್ಯಾಂಡ್ ಬೆಳೆದ ಮೇಲೆ ಹೆಸರು ಬದಲಿಸಿದರೆ, ಗಳಿಸಿದ ಗಿರಾಕಿಯನ್ನು ಮತ್ತೆ ಗಳಿಸಬೇಕಾಗುತ್ತದೆ.