ತದ್ಭವವು ತಪ್ಪೆ?

ಹಳ್ಳಿಯಿಂದ ಬಂದ ವಿದ್ಯಾರ್ಥಿಯು ತರಗತಿಯಲ್ಲಿ ಬಾಯಿ ತೆರೆದೊಡನೆ ಕೆಲವರು ಮುಸಿಮುಸಿ ನಗುವುದುಂಟು. ಅವನ ಉಚ್ಚಾರಣೆ ಅಶುದ್ಧವೆಂದು ಅವರ ಎಣಿಕೆ. ಸಮೇತನಹಳ್ಳಿಯ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನಾದುದರಿಂದ ಈ ನಗೆಯ ಪರಿಚಯ ನನಗೆ ಚೆನ್ನಾಗಿದೆ. ಆ ಎಣಿಕೆ ಎಷ್ಟು ಸರಿಯೆಂಬುದನ್ನು ‘ಸಕ್ಕರೆ’ ಎಂಬ ಒಂದೇ ಮಾತನ್ನು ಹಿಡಿದು ಪರೀಕ್ಷಿಸೋಣ.

ಸಂಸ್ಕೃತದ ‘ಶರ್ಕರಾ’ ಶಬ್ದಕ್ಕೆ ಮೊದಲು ನೊರಜುಗಲ್ಲು, ಮರಳು ಎಂದು ಅರ್ಥ. ಕಬ್ಬಿನ ರಸವನ್ನು ಕಾಯಿಸಿ ಹರಳುಗಟ್ಟಿಸಿದ ಪದಾರ್ಥಕ್ಕೂ ಆ ಹೆಸರೇ ನಿಂತಿತು. ಪ್ರಾಕೃತದಲ್ಲಿ ಅದು ‘ಸಕ್ಕರಾ’ ಆಯಿತು; ಕನ್ನಡದಲ್ಲಿ ‘ಸಕ್ಕರೆ’ಯಾಯಿತು. ಪಶ್ಚಿಮಕ್ಕೆ ಹೊರಟ ಮಾತು ಪಾರಸಿಯಲ್ಲಿ ‘ಶಕರ್’, ಅರಬ್ಬಿಯಲ್ಲಿ ‘ಸುಕ್ಕರ್’ ಎನಿಸಿ, ಅರಬರು ಆಳುತ್ತಿದ್ದ ಸಿಸಿಲಿ, ಸ್ಪೇನುಗಳ ಮೂಲಕ ಯೂರೋಪನ್ನು ಹೊಕ್ಕಿತು. ಇಟಲಿಯವರು ‘ತ್ಸುಕ್ಕೆರೊ’, ಫ್ರೆಂಚರು ‘ಸುಕ್ರ್’, ಜರ್ಮನರು ‘ತ್ಸುಕರ್’, ಇಂಗ್ಲಿಷರು ‘ಶುಗರ್’ ಎಂದರು. ಸ್ಪೇನಿನವರಂತೂ ಅರಬ್ಬಿಯ ಉಪಪದವನ್ನೂ ಮಾತಿನೊಳಗೇ ಸೇರಿಸಿಕೊಂಡು ‘ಅಸೂಕರ್’ ಎಂದರು! ಮುಂದೆ ಪೋರ್ಚುಗೀಸರು ಇದೇ ಮಾತಿನ ಇನ್ನೊಂದು ರೂಪವನ್ನು ನಮ್ಮ ಪಶ್ಚಿಮ ಕರಾವಳಿಯಲ್ಲಿ ಕೇಳಿ ‘ಜಾಗರ’ ಎಂದರು. ಬೆಲ್ಲಕ್ಕೆ ಇಂಗ್ಲಿಷರು ಹೇಳುವ ‘ಜ್ಯಾಗರಿ’ ಅಲ್ಲಿಂದ ಬಂದುದು. ನಮ್ಮೂರಿನಲ್ಲಿ ಕಾಫಿಗೆ ಹಾಕುವುದು ಸಕ್ಕರೆ, ಮುದುಕರಿಗೆ ಬರುವ ಕಾಯಿಲೆ ‘ಶುಗರು’. ಒಂದೇ ತಾಯಿಯ ಇಬ್ಬರು ಮಕ್ಕಳು ಒಬ್ಬರನ್ನೊಬ್ಬರು ಗುರುತಿಸದೆ ಒಂದೇ ಮನೆಯಲ್ಲಿದ್ದಾರೆ.

ಜರ್ಮನರ ನಾಲಗೆ ತಿರುಗಲಿಲ್ಲವೆಂದು ಯಾರಾದರೂ ನಗುವರೆ? ಅವರದು ಪ್ರೌಢ ಭಾಷೆಯೆಂದು ಗೌರವಿಸುತ್ತೇವೆ. ಶಕಾರವು ಸಕಾರವಾಗುವುದು ನಮ್ಮಲ್ಲಿಯೂ ಹೊಸತೇನಲ್ಲ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ತದ್ಭವಗಳಿಗಾಗಿ ಒಂದು ಪ್ರಕರಣವನ್ನೇ ಮೀಸಲಿಟ್ಟು, ಅವುಗಳಿಗೆ ನಿಯಮಗಳನ್ನು ಹೇಳಿದ್ದಾನೆ. ಹಳ್ಳಿಯವನು ಶಂಕರನನ್ನು ‘ಸಂಕರ’ ಎಂದರೆ ನಗುವವರು, ಶರ್ಕರೆಯನ್ನು ‘ಸಕ್ಕರೆ’ ಎಂದ ತಮ್ಮನ್ನು ನೋಡಿಯೂ ನಗಬೇಕಾದೀತು. ಒಂದು ನಿಘಂಟನ್ನು ಸೇರಿತು, ಇನ್ನೊಂದು ಸೇರಲಿಲ್ಲ, ಭೇದ ಇಷ್ಟೆ.

ಹಾಗೆಂದು ಬರವಣಿಗೆಗೆ ಶಿಸ್ತು ಬೇಡವೆಂದು ನನ್ನ ವಾದವಲ್ಲ. ಪರೀಕ್ಷೆಯಲ್ಲಿ ‘ಶಂಕರ’ ಎಂದೇ ಬರೆಯೋಣ. ಆ ಬರಹ ನಾಡಿಗೆಲ್ಲ ಒಂದಾಗಿರಬೇಕು. ಆದರೆ ಶಿಸ್ತನ್ನು ಕಲಿಸುವುದು ಬೇರೆ, ನಾಚಿಕೆಯನ್ನು ಕಲಿಸುವುದು ಬೇರೆ. ನಗೆಗೆ ಅಂಜಿ, ಉತ್ತರ ತಿಳಿದಿದ್ದೂ ಸುಮ್ಮನೆ ಕುಳಿತ ಸಹಪಾಠಿಗಳು ನಮ್ಮಲ್ಲಿ ಇದ್ದಾರೆ. ಅವರ ಮೌನದಿಂದ ತರಗತಿಗೇ ನಷ್ಟ.

ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟು: ವ್ಯಾಕರಣದ ಪಾಠದಲ್ಲಿ ತದ್ಭವಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದರ ಜೊತೆಗೆ, ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನೂರಿನಿಂದ ಹತ್ತು ಮಾತುಗಳನ್ನು ತರುವಂತೆ ಹೇಳಲಿ. ಆಗ ಮೊದಲು ಬಾಯಿ ತೆರೆಯುವವನು ಹಳ್ಳಿಯವನೇ ಆಗಿರುತ್ತಾನೆ.