ಕಿವಿಯ ನರದ ಗಡ್ಡೆ: ತಟ್ಟಿದ ಬಾಗಿಲೇ ಚಿಕಿತ್ಸೆ ಆಗಬೇಕೆ?

ನಮ್ಮ ಸೋದರತ್ತೆ ಎಡಗೈಲಿ ಎತ್ತಿದ ಫೋನನ್ನು ಬಲಗಿವಿಗೆ ದಾಟಿಸುವುದನ್ನು ಮನೆಯವರೆಲ್ಲ ಎರಡು ವರ್ಷ ನೋಡಿದ್ದೆವು. ಅಭ್ಯಾಸಬಲ ಎಂದುಕೊಂಡಿದ್ದೆವು. ‘ಈ ಕಿವಿಗೆ ಸದ್ದು ಬೀಳುತ್ತೆ ಕಣೋ, ಮಾತು ಬೀಳಲ್ಲ’ ಎಂದು ಅವರೇ ಒಂದು ದಿನ ಹೇಳಿದ ಮೇಲೆ ಕ್ಲಿನಿಕ್ಕಿಗೆ ಕರೆದೊಯ್ದೆವು. ಗುಗ್ಗೆ ತೆಗೆದು ಕಿವಿಗೆ ಬಿಡುವ ಔಷಧಿ ಕೊಟ್ಟರು. ನಡೆಯುವಾಗ ವಾಲಿದಂತಾಗುತ್ತದೆ ಎಂದದ್ದಕ್ಕೆ ಇನ್ನೊಬ್ಬರು ತಲೆಸುತ್ತಿನ ಮಾತ್ರೆ ಬರೆದರು. ಅರವತ್ತು ದಾಟಿತಲ್ಲ, ಇದೆಲ್ಲ ಇದ್ದದ್ದೇ ಎಂಬ ಸಮಾಧಾನವೂ ಸಿಕ್ಕಿತು. ‘ವಯಸ್ಸಾಗುವುದು ಎರಡೂ ಕಿವಿಗಲ್ಲವೇ?’ ಎಂದು ಕೇಳಿದವರು ಮೂರನೆಯ ವೈದ್ಯೆ. ಅವರು ಆಡಿಯೋಮೆಟ್ರಿ (ಶ್ರವಣ ಪರೀಕ್ಷೆ) ಮಾಡಿಸಿದರು. ಬಳಿಕ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟು ಎಂಆರ್‌ಐ ಆಯಿತು. ಎಡಗಿವಿಯ ಮೂಳೆಯೊಳಗಿನ ಕಿರಿದಾದ ಕಾಲುವೆಯಿಂದ ಮೆದುಳಿನ ಕಡೆಗೆ ಉಬ್ಬಿಕೊಂಡ ಬೆಳ್ಳನೆಯ ಗಂಟು, ಥೇಟ್ ಐಸ್‌ಕ್ರೀಂ ಕೋನಿನ ಆಕಾರ. ಅಳತೆ 16 ಮಿಲಿಮೀಟರ್.

ಅಕೌಸ್ಟಿಕ್ ನ್ಯೂರೋಮಾ ಎಂಬ ಹೆಸರು ರೂಢಿಯಲ್ಲಿದೆಯಾದರೂ ಅದು ಎರಡು ಸಲ ತಪ್ಪು. ಗಡ್ಡೆ ಹುಟ್ಟುವುದು ಕೇಳಿಸುವ ನರದಲ್ಲಲ್ಲ, ಪಕ್ಕದ ಸಮತೋಲನದ ನರದಲ್ಲಿ. ಅದೂ ನರದಿಂದಲ್ಲ, ನರಕ್ಕೆ ಹೊದಿಕೆಯಾಗಿರುವ ಶ್ವಾನ್ ಕೋಶಗಳಿಂದ. ಹಾಗಾಗಿ ವೈದ್ಯರು ವೆಸ್ಟಿಬ್ಯುಲರ್ ಶ್ವಾನೋಮಾ ಎಂದು ಬರೆಯುತ್ತಾರೆ. ಕ್ಯಾನ್ಸರ್ ಅಲ್ಲ. ಬೆಳೆದರೂ ಸಾಮಾನ್ಯವಾಗಿ ವರ್ಷಕ್ಕೆ ಒಂದೆರಡು ಮಿಲಿಮೀಟರ್. ಆದರೆ ಅದು ಕೂತಿರುವ ಜಾಗ ಇಕ್ಕಟ್ಟಿನದು. ಅದೇ ಕಾಲುವೆಯಲ್ಲಿ ಮುಖದ ನರವೂ ಹಾದುಹೋಗುತ್ತದೆ, ಒಳಗಡೆ ಮೆದುಳುಕಾಂಡವಿದೆ. ಕಾಯಿಲೆ ಎಷ್ಟು ಅಪರೂಪವೆಂದರೆ ವರ್ಷಕ್ಕೆ ಲಕ್ಷ ಜನರಲ್ಲಿ ಪತ್ತೆಯಾಗುವುದು ಒಂದೆರಡು. ತಾಲ್ಲೂಕು ಊರಿನ ಇಎನ್‌ಟಿ ವೈದ್ಯರು ಇಡೀ ವೃತ್ತಿಜೀವನದಲ್ಲಿ ಬೆರಳೆಣಿಕೆಯಷ್ಟು ಕಂಡಿರಬಹುದು.

ನಿಜವಾದ ಅಲೆದಾಟ ಶುರುವಾಗಿದ್ದು ಗಡ್ಡೆ ಗೊತ್ತಾದ ಮೇಲೆ. ಶಸ್ತ್ರಚಿಕಿತ್ಸಕರು ‘ತೆಗೆದುಬಿಡೋಣ, ತಲೆನೋವು ಮುಗಿಯುತ್ತೆ’ ಎಂದರು. ವಿಕಿರಣ ಚಿಕಿತ್ಸೆಯವರು ‘ಒಂದೇ ದಿನ, ಹೊಲಿಗೆಯೂ ಇಲ್ಲ’ ಎಂದರು. ಮತ್ತೊಬ್ಬರು ಆರು ತಿಂಗಳು ಬಿಟ್ಟು ಇನ್ನೊಂದು ಸ್ಕ್ಯಾನ್ ತನ್ನಿ ಎಂದು ಫೈಲು ಮಡಚಿ ಕೊಟ್ಟರು. ಅದೇ ಸಿಡಿ, ಅದೇ 16 ಮಿಲಿಮೀಟರ್. ಇವರಲ್ಲಿ ಯಾರೂ ಮೋಸಗಾರರಲ್ಲ; ತಮಗೆ ಬರುವ ವಿದ್ಯೆಯನ್ನೇ ಮೂವರೂ ಹೇಳಿದರು. ರೋಗಿಗೆ ಯಾವ ಚಿಕಿತ್ಸೆ ಎಂಬುದು ಅವರು ಮೊದಲು ಯಾರ ಬಾಗಿಲು ತಟ್ಟಿದರು ಎಂಬುದರ ಮೇಲೆ ತೀರ್ಮಾನವಾಗುತ್ತಿದೆ ಎಂಬುದು ನನ್ನ ತಕರಾರು.

ಪುರಾವೆಗಳು ಏನು ಹೇಳುತ್ತವೆ? ಡೆನ್ಮಾರ್ಕ್ 1976ರಿಂದ ಇಡೀ ದೇಶದ ಇಂಥ ರೋಗಿಗಳ ಲೆಕ್ಕವನ್ನು ಒಂದೇ ಕಡೆ ಇಟ್ಟಿದೆ. 2006ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಕಾದು ನೋಡಿದವರಲ್ಲಿ ಮೂಳೆಯ ಕಾಲುವೆಯೊಳಗೇ ಇದ್ದ ಗಡ್ಡೆಗಳ ಪೈಕಿ ಬೆಳೆದದ್ದು ಶೇ 17ರಷ್ಟು, ಹೊರಕ್ಕೆ ಚಾಚಿದ್ದವುಗಳಲ್ಲಿ ಸುಮಾರು ಶೇ 29ರಷ್ಟು. ಬೆಳೆಯುವವು ಬಹುತೇಕ ಮೊದಲ ಐದು ವರ್ಷದಲ್ಲೇ ಬೆಳೆದವು. ನಾರ್ವೆಯಲ್ಲಿ ಎರಡು ಸೆಂಟಿಮೀಟರಿಗಿಂತ ಚಿಕ್ಕ ಗಡ್ಡೆಯಿದ್ದ 100 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೂಡಲೇ ಗಾಮಾ ನೈಫ್ ಎಂಬ ವಿಕಿರಣ ಚಿಕಿತ್ಸೆ ಕೊಟ್ಟು, ಇನ್ನೊಂದನ್ನು ಕಾಯಿಸಿ ನಾಲ್ಕು ವರ್ಷ ಹಿಂಬಾಲಿಸಿದ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಕಿರಣ ಪಡೆದವರ ಗಡ್ಡೆ ಕುಗ್ಗಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಶ್ರವಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅಷ್ಟು ವರ್ಷ ಯಾವ ಚಿಕಿತ್ಸೆಯೂ ಬೇಕಾಗಿರಲಿಲ್ಲ. ಅಂದರೆ ಚಿಕ್ಕ ಗಡ್ಡೆಯವರಿಗೆ ಸಮಯವಿದೆ. ಮುಂದಿನ ವಾರವೇ ದಾಖಲಾಗಿ ಎಂದು ಅವಸರ ಮಾಡುವವರ ಎದುರು ಎದ್ದು ಬರುವಷ್ಟು ಸಮಯ. ಮೂರು ಸೆಂಟಿಮೀಟರ್ ದಾಟಿ ಮೆದುಳುಕಾಂಡವನ್ನು ಒತ್ತುತ್ತಿದ್ದರೆ ಮಾತ್ರ ಲೆಕ್ಕವೇ ಬೇರೆ. ಅಲ್ಲಿ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ದಾರಿ.

ಯಾವ ದಾರಿಗೂ ಸುಂಕವುಂಟು. ಗಾಮಾ ನೈಫ್ ಗಡ್ಡೆಯನ್ನು ತೆಗೆಯುವುದಿಲ್ಲ, ಬೆಳೆಯದಂತೆ ತಡೆಯುತ್ತದೆ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನರಲ್ಲಿ ಅದು ಕೆಲಸ ಮಾಡುತ್ತದೆ. ಆದರೆ ಮೊದಲ ವರ್ಷ ಗಡ್ಡೆ ಊದಿಕೊಂಡು ಹೆದರಿಸುವುದುಂಟು, ಕಿವಿ ವರ್ಷಗಳ ಓಟದಲ್ಲಿ ಮಂದವಾಗುವುದೂ ಉಂಟು. ಕಿವಿಯ ಹಿಂದಿನ ಮೂಳೆಯನ್ನು ಕೊರೆದು ಒಳಕಿವಿಯ ಮೂಲಕವೇ ಹೋಗುವ ಶಸ್ತ್ರಚಿಕಿತ್ಸೆಯಲ್ಲಿ ಮುಖದ ನರ ಚೆನ್ನಾಗಿ ಕಣ್ಣಿಗೆ ಬೀಳುತ್ತದೆ, ಆದರೆ ಆ ಕಿವಿಯನ್ನು ಪೂರ್ತಿ ಬಿಟ್ಟುಕೊಡಬೇಕು. ಹಾಲಿವುಡ್ ನಟ ಮಾರ್ಕ್ ರಫಲೊ 2001ರಲ್ಲಿ ಈ ಗಡ್ಡೆಯ ಶಸ್ತ್ರಚಿಕಿತ್ಸೆಗೆ ಒಳಗಾದರು. ತಿಂಗಳುಗಟ್ಟಲೆ ಅರ್ಧ ಮುಖ ಸ್ವಾಧೀನ ತಪ್ಪಿತ್ತು. ಆಮೇಲೆ ಮುಖ ಸರಿಹೋಯಿತು, ಎಡಗಿವಿ ಮರಳಲಿಲ್ಲ.

ಮುಖದ ನರ ಉಳಿಯುವುದು ಗಡ್ಡೆಯ ಗಾತ್ರದ ಜೊತೆಗೆ ಕೈಯ ಪಳಗಿಕೆಯ ಮೇಲೂ ನಿಂತಿದೆ. ಈ ವಿದ್ಯೆ ಹುಟ್ಟಿದ ಬಗೆಯಲ್ಲೇ ಅದಕ್ಕೆ ಸಾಕ್ಷಿಯಿದೆ. 1960ರ ದಶಕದ ಲಾಸ್ ಏಂಜಲೀಸ್‌ನಲ್ಲಿ ಕಿವಿ ವೈದ್ಯ ವಿಲಿಯಂ ಹೌಸ್ (ಮೊದಲು ಓದಿದ್ದು ದಂತವೈದ್ಯಕೀಯ!) ಸೂಕ್ಷ್ಮದರ್ಶಕ ಹಿಡಿದು ಒಳಕಿವಿಯ ದಾರಿಯಲ್ಲಿ ಈ ಗಡ್ಡೆಗೆ ಕೈಹಾಕಿದಾಗ, ಇದು ತಮ್ಮ ಸೀಮೆ ಎಂದು ನರಶಸ್ತ್ರಚಿಕಿತ್ಸಕರು ಸಿಡಿಮಿಡಿಗೊಂಡರು. ಜೊತೆಗೆ ನಿಂತವರು ವಿಲಿಯಂ ಹಿಟ್ಸೆಲ್‌ಬರ್ಗರ್ ಎಂಬ ನರಶಸ್ತ್ರಚಿಕಿತ್ಸಕ. ಮೂಳೆ ಕೊರೆಯಲು ಒಬ್ಬರು, ಮೆದುಳಿನ ಪಕ್ಕದ ಕೆಲಸಕ್ಕೆ ಇನ್ನೊಬ್ಬರು. ಎರಡು ವಿಭಾಗಗಳು ಒಂದೇ ಮೇಜಿನ ಎರಡು ಬದಿಗೆ ನಿಂತ ಮೇಲೆ ಈ ಚಿಕಿತ್ಸೆಯ ಚಹರೆ ಬದಲಾಯಿತು.

ಅರವತ್ತು ವರ್ಷವಾದರೂ ನಮ್ಮ ಎಷ್ಟೋ ಆಸ್ಪತ್ರೆಗಳಲ್ಲಿ ಇಎನ್‌ಟಿ ಒಂದು ಮಹಡಿಯಲ್ಲಿ, ನ್ಯೂರೊಸರ್ಜರಿ ಇನ್ನೊಂದರಲ್ಲಿ. ನಡುವೆ ಫೈಲು ಹೊತ್ತು ಓಡಾಡುವವರು ರೋಗಿಯ ಮಗನೋ ಸೊಸೆಯೋ. ಕರ್ನಾಟಕಕ್ಕೆ ಸೌಲಭ್ಯದ ಬಡತನವೇನಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನ್ಯೂರೊಸರ್ಜರಿಯೂ ಇದೆ, ಗಾಮಾ ನೈಫೂ ಇದೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕೊರತೆಯಿರುವುದು ಒಂದೇ ದಿನ, ಒಂದೇ ಕೋಣೆಯಲ್ಲಿ, ಕಿವಿಯವರು, ಮೆದುಳಿನವರು, ಕಿರಣದವರು ಒಟ್ಟಿಗೆ ಕೂತು ರೋಗಿಯ ಎದುರೇ ವಾದಿಸುವ ಏರ್ಪಾಡಿನದು. ರಾಜ್ಯದ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ತಿಂಗಳಿಗೊಮ್ಮೆ ಇಂಥದ್ದೊಂದು ಕ್ಲಿನಿಕ್ ನಡೆಸಲು ಹೊಸ ಕಟ್ಟಡ ಬೇಕಿಲ್ಲ.

ಎರಡನೆಯ ಕೊರತೆ ಅಂಕಿಗಳದು. ಅತ್ತೆ ನಿವೃತ್ತ ಶಿಕ್ಷಕಿ, ಲೆಕ್ಕ ಕೇಳದೆ ಬಿಡುವವರಲ್ಲ. ‘ಡಾಕ್ಟ್ರೇ, ಹೋದ ವರ್ಷ ಈ ಆಪರೇಷನ್ ಎಷ್ಟು ಮಾಡಿದಿರಿ? ಅದರಲ್ಲಿ ಎಷ್ಟು ಜನಕ್ಕೆ ಕಣ್ಣು ಪೂರ್ತಿ ಮುಚ್ಚೋಕಾಗುತ್ತೆ?’ ಎಂದು ಕೇಳಿದರು. ಒಬ್ಬರು ‘ನಂಬಿಕೆ ಇಲ್ಲದಿದ್ದರೆ ಬೇರೆ ಕಡೆ ಹೋಗಿ’ ಎಂದರು. ಇನ್ನೊಬ್ಬರು ಕನ್ನಡಕ ತೆಗೆದಿಟ್ಟು, ಕಿರಿಯ ವೈದ್ಯರಿಂದ ರಿಜಿಸ್ಟರ್ ತರಿಸಿ, ಬೆರಳಿಟ್ಟು ಎಣಿಸಿದರು. ತಜ್ಞರನ್ನು ಆರಿಸಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಮುಖದ ನರದ ಸ್ಥಿತಿಯನ್ನು ಒಂದರಿಂದ ಆರರವರೆಗೆ ಅಳೆಯುವ ಹೌಸ್–ಬ್ರಾಕ್‌ಮನ್ ಮಾಪನ 1985ರಿಂದ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ವರ್ಷಕ್ಕೊಮ್ಮೆ ಆ ಅಂಕಿಗಳನ್ನು ಪ್ರಕಟಿಸಿ ಎಂದು ಆಸ್ಪತ್ರೆಗಳಿಗೆ ಸರ್ಕಾರ ಹೇಳಬಹುದು. ಇಎಂಐ ಕಟ್ಟಿ ಸ್ಕೂಟರ್ ಕೊಳ್ಳುವಾಗಲೂ ಮೈಲೇಜ್ ಕೇಳುತ್ತೇವೆ.

ಮೂರನೆಯ ಕೊರತೆಯ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ನಮ್ಮಲ್ಲಿ ಆರೋಗ್ಯ ವಿಮೆ ಅಂದರೆ ಬಹುಮಟ್ಟಿಗೆ ಆಸ್ಪತ್ರೆಗೆ ದಾಖಲಾದವರ ವಿಮೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ನೆರವಾಗುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಒಲವೂ ಅದೇ ಕಡೆಗೆ. ತಲೆ ತೆರೆಸಿಕೊಂಡವರಿಗೆ ಹಣ ಸಿಗಬಹುದು. ತೆರೆಸಿಕೊಳ್ಳದೆ ಕಾಯುವವರು ಹೊರರೋಗಿಗಳು, ಅವರ ಸ್ಕ್ಯಾನು ಅವರ ಜೇಬಿಗೇ ಬೀಳುತ್ತದೆ. ಪುರಾವೆ ಕಾಯಿರಿ ಎನ್ನುತ್ತದೆ, ದುಡ್ಡಿನ ವ್ಯವಸ್ಥೆ ಕೊಯ್ಯಿಸಿಕೊಳ್ಳಿ ಎನ್ನುತ್ತದೆ. ದಿನಗೂಲಿಯವರು ಯಾವ ಮಾತು ಕೇಳಿಯಾರು?

ಅತ್ತೆ ಕಾಯುವುದನ್ನು ಆರಿಸಿಕೊಂಡರು. ಮೂರು ಸ್ಕ್ಯಾನ್ ಆಗಿವೆ, ಗಡ್ಡೆ 16ರಲ್ಲೇ ನಿಂತಿದೆ. ಮದುವೆ ಊಟಕ್ಕೆ ಹೋದರೆ ಪಂಕ್ತಿಯ ಎಡತುದಿಯ ಎಲೆ ಹಿಡಿಯುತ್ತಾರೆ, ಮಾತಾಡುವವರೆಲ್ಲ ಬಲಕ್ಕೆ ಬರಲಿ ಎಂದು. ಮುಂದಿನ ಸ್ಕ್ಯಾನ್ ಜನವರಿಯಲ್ಲಿ; ಅದಕ್ಕಾಗಿ ಪಿಂಚಣಿಯಿಂದ ತಿಂಗಳು ತಿಂಗಳು ಸಾವಿರ ರೂಪಾಯಿ ತೆಗೆದಿಡುತ್ತಿದ್ದಾರೆ.